ಕರೆಂಟ್ ಟ್ರಕ್ಕು, ಹಿಂದೊಂದು ಟ್ರೇಲರ್, ಮುಂದೆ ಬಟಾಬಯಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಲಿ ಕ್ಯಾಲಿಫೋರ್ನಿಯಾದ ಪೂರ್ವ ಸಿಯೆರಾ ಕಡೆ ನಮ್ಮ ಎಲೆಕ್ಟ್ರಿಕ್ ಟ್ರಕ್ಕಿಗೆ ಟ್ರೇಲರ್ ಕಟ್ಕೊಂಡು ಹೋಗಿದ್ದರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅದಕ್ಕೆ ಇಷ್ಟೊಂದು ಪತ್ರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಅಮೆರಿಕದಲ್ಲಿರೋ ಕನ್ನಡಿಗರದ್ದೇ ಜಾಸ್ತಿ, ಊರಿಂದಲೂ ಒಂದೆರಡು ಬಂದಿವೆ. ಈ ಸಲ ಪೂರ್ತಿ ಅಂಕಣ ಇದಕ್ಕೇ ಮೀಸಲು. ಶುರು ಮಾಡೋಕೆ ಮುಂಚೆ ಒಂದು ಮಾತು, ಕಿಲೋವ್ಯಾಟ್ ಅವರ್ ಅನ್ನೋದನ್ನ ನಾನು ಯೂನಿಟ್ ಅಂತಲೇ ಬರೀತೀನಿ. ಮನೆಗೆ ಬರೋ ಕರೆಂಟ್ ಬಿಲ್ಲಲ್ಲಿ ಒಂದು ಯೂನಿಟ್ ಅಂದ್ರೆ ಅದೇ, ಲೆಕ್ಕ ಬೇಗ ತಲೆಗೆ ಹೋಗತ್ತೆ.

ಪ್ರಶ್ನೆ: ನಮ್ಮದು ರಿವಿಯನ್ ಆರ್1ಟಿ ಎಲೆಕ್ಟ್ರಿಕ್ ಟ್ರಕ್ಕು, ಲಾರ್ಜ್ ಬ್ಯಾಟರಿ. ಈಗ 23 ಅಡಿ ಟ್ರಾವೆಲ್ ಟ್ರೇಲರ್, ಅಂದ್ರೆ ಒಳಗೇ ಮಲಗಿ ಅಡಿಗೆ ಮಾಡ್ಕೊಳ್ಳೋ ಚಕ್ರದ ಮನೆ, ತಗೊಂಡಿದೀವಿ. ಡಿಸೆಂಬರಲ್ಲಿ ಹಾಸನದಿಂದ ಅತ್ತೆ ಮಾವ ಬರ್ತಿದಾರೆ, ಅವರನ್ನ ಕರ್ಕೊಂಡು ಡೆತ್ ವ್ಯಾಲಿಗೆ ಹೋಗ್ಬೇಕು ಅಂತ ಆಸೆ. ಗಾಡಿ 314 ಮೈಲಿ ಹೋಗತ್ತೆ ಅಂತ ಕಂಪನಿ ಹೇಳತ್ತೆ, ಟ್ರೇಲರ್ ಕಟ್ಟಿದ್ರೆ ಎಷ್ಟು ಹೋಗತ್ತೆ? ಟ್ರೇಲರ್ ಸಾಮಾನು ತುಂಬಿದ್ಮೇಲೆ 5,000 ಪೌಂಡ್, ಟ್ರಕ್ಕಿಗೆ 11,000 ಪೌಂಡ್ ಎಳೆಯೋ ತಾಕತ್ತಿದೆ, ಅಂದ್ಮೇಲೆ ಯೋಚನೆ ಇಲ್ಲ ಅಲ್ವಾ? (ಫ್ರೀಮಾಂಟ್)

ಉತ್ತರ: ಎಳೆಯೋ ವಿಷಯದಲ್ಲಿ ಯೋಚನೆ ಇಲ್ಲ, ಅದು ಎಳೆಯತ್ತೆ, ಹಿಂದೆ ಏನಾದ್ರೂ ಇದೆಯಾ ಅಂತ ಮರೆತು ಹೋಗೋಷ್ಟು ಸಲೀಸಾಗಿ ಎಳೆಯತ್ತೆ. ಆದ್ರೆ 314ನ್ನ ಈಗಲೇ ಮರೆತುಬಿಡಿ. ನಿಮ್ಮ ಬ್ಯಾಟರಿಲಿ ಬಳಸೋಕೆ ಸಿಗೋದು ಹೆಚ್ಚೂ ಕಮ್ಮಿ 130 ಯೂನಿಟ್. ಟ್ರೇಲರ್ ಇಲ್ದೆ ಒಂದು ಯೂನಿಟ್ಟಿಗೆ ಎರಡು ಮೈಲಿ ಮೇಲೆ ಬರತ್ತೆ, ನಿಮ್ಮಂಥ ಡಬ್ಬಿ ಆಕಾರದ ಟ್ರೇಲರ್ ಕಟ್ಟಿದ್ರೆ ಒಂದು ಯೂನಿಟ್ಟಿಗೆ ಒಂದು ಮೈಲಿ ಅಂತ ಇಟ್ಕೊಳ್ಳಿ. ಫಾಸ್ಟ್ ಚಾರ್ಜರಲ್ಲಿ 80 ಪರ್ಸೆಂಟ್ ಆದ್ಮೇಲೆ ತುಂಬೋದು ತೀರಾ ನಿಧಾನ, ಕೆಳಗೆ 10ಕ್ಕಿಂತ ಇಳಿಸೋದು ಬೇಡ, ಉಳಿಯೋದು 70 ಪರ್ಸೆಂಟ್, ಅಂದ್ರೆ 90 ಯೂನಿಟ್, ಅಂದ್ರೆ 90 ಮೈಲಿ. ಎರಡು ಚಾರ್ಜರ್ ನಡುವಿನ ನಿಮ್ಮ ನಿಜವಾದ ರೇಂಜು ಇದು.

ಯಾಕೆ ಇಷ್ಟು ಕಮ್ಮಿ ಅಂದ್ರೆ ತೂಕ ಅಲ್ಲ ಕಾರಣ, ಗಾಳಿ. ಸಮತಟ್ಟು ರಸ್ತೇಲಿ ಒಂದೇ ಸಮ ಓಡ್ತಿರೋ ಗಾಡಿಗೆ ತೂಕ ಅಷ್ಟೇನೂ ಕಾಡಲ್ಲ, ಆದ್ರೆ ಟ್ರೇಲರಿನ ಮುಂದಿನ ಗೋಡೆ ಇದೆಯಲ್ಲ, ಟ್ರಕ್ಕಿನ ತಲೆ ಮೇಲೆ ಎದ್ದು ನಿಂತಿರತ್ತೆ, ಅದು ಗಾಳಿನ ಎದೆಯೊಡ್ಡಿ ತಳ್ಕೊಂಡು ಹೋಗ್ಬೇಕು, ಮತ್ತೆ ಈ ಗಾಳಿ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ. ಗಂಟೆಗೆ 55 ಮೈಲಿಲಿ ಹೋಗೋನು 65ಕ್ಕೆ ಏರಿಸಿದ್ರೆ ಗಾಳಿ ತಡೆ 40 ಪರ್ಸೆಂಟ್ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯೋ ಗಾಡಿಗೆ 55 ಮೈಲಿನೇ ಕಾನೂನಿನ ಮಿತಿ, ಯಾರೂ ಪಾಲಿಸಲ್ಲ ಅಂತ ನೀವೂ ಬಿಡ್ಬೇಡಿ, ನಮ್ಮಂಥ ಗಾಡಿಗೆ ಆ ಕಾನೂನು ದೇವರು ಕೊಟ್ಟ ವರ. ಇನ್ನು ಹೈವೇ 395ರಲ್ಲಿ ಓವೆನ್ಸ್ ವ್ಯಾಲಿ ಗಾಳಿ ಎದ್ರೆ ಕೇಳೋದೇ ಬೇಡ. 20 ಮೈಲಿ ಎದುರು ಗಾಳಿ ಇತ್ತು ಅಂದ್ರೆ ನೀವು 55ರಲ್ಲಿ ಹೋದ್ರೂ ಟ್ರೇಲರ್ ಪಾಲಿಗೆ ಅದು 75, ತಡೆ ಹತ್ತಿರ ಹತ್ತಿರ ಎರಡರಷ್ಟಾಗತ್ತೆ. ಹೊರಡೋ ದಿನ ಬೆಳಗ್ಗೆ ಹವಾಮಾನ ನೋಡುವಾಗ ಮಳೆ ಚಳಿ ಆಮೇಲೆ, ಮೊದಲು ಗಾಳಿ ಯಾವ ಕಡೆಯಿಂದ ಅಂತ ನೋಡಿ.

ದಾರಿಗೆ ಬರೋಣ. ಡಿಸೆಂಬರಲ್ಲಿ ಸಿಯೆರಾ ಬೆಟ್ಟ ದಾಟೋ ಟಯೋಗ ಪಾಸ್ ಘಾಟಿ ಮುಚ್ಚಿರತ್ತೆ, ಹಾಗಾಗಿ ಕೆಳಗಿಂದ ಸುತ್ತು ಹಾಕ್ಲೇಬೇಕು. ಫ್ರೀಮಾಂಟಿಂದ ಪಚೇಕೋ ಪಾಸ್ ದಾಟಿ ಐ-5 ಹೆದ್ದಾರಿ ಹಿಡಿದು ಸಾಂಟಾ ನೆಲ್ಲ, ಕೆಟಲ್‌ಮನ್ ಸಿಟಿ, ಬೇಕರ್ಸ್‌ಫೀಲ್ಡ್, ಅಲ್ಲಿಂದ ಟೆಹಾಚಪಿ ಘಾಟಿ ಹತ್ತಿ ಮೊಹಾವಿ, ಇನ್ಯೊಕರ್ನ್, ಲೋನ್ ಪೈನ್. 400 ಮೈಲಿ ಮೇಲೇ ಆಗತ್ತೆ. ಟ್ರೇಲರ್ ಇಲ್ದಿದ್ರೆ ಒಂದು ದಿನದ ದಾರಿ. ನಿಮಗೆ ನಾಲ್ಕೈದು ಕಡೆ ನಿಲ್ಲಿಸಿ ಮುಕ್ಕಾಲು ಗಂಟೆ, ಒಂದು ಗಂಟೆ ತುಂಬಿಸ್ಕೋಬೇಕು, ಅದರ ಮೇಲೆ ಟ್ರೇಲರ್ ಬಿಚ್ಚೋದು ಕಟ್ಟೋದು. ವಯಸ್ಸಾದವರಿದಾರೆ, ಎರಡು ದಿನ ಮಾಡ್ಕೊಳ್ಳಿ. ಬೇಕರ್ಸ್‌ಫೀಲ್ಡ್ ಕಡೆ ಪ್ಲಗ್ ಇರೋ ಒಂದು ಆರ್‌ವಿ ಪಾರ್ಕಲ್ಲಿ, ಅಂದ್ರೆ ಇಂಥ ಟ್ರೇಲರ್ ನಿಲ್ಲಿಸ್ಕೊಳ್ಳೋ ಜಾಗದಲ್ಲಿ, ರಾತ್ರಿ ತಂಗಿದ್ರೆ ಬೆಳಗ್ಗೆ ಬ್ಯಾಟರಿ ತುಂಬಿರತ್ತೆ. ಅದು ಬೇಕೂ ಬೇಕು, ಯಾಕಂದ್ರೆ ಅಲ್ಲಿ 400 ಅಡಿ ಎತ್ತರದಿಂದ 4,000 ಅಡಿಗೆ ಹತ್ತೋದಿದೆ, ಹತ್ತೋಕೇ ಅಂತ 17-18 ಯೂನಿಟ್ ಬೇರೆ ಎತ್ತಿಡ್ಬೇಕು. ಮೊಹಾವಿ ದಾಟಿದ್ಮೇಲೆ ಇನ್ಯೊಕರ್ನಲ್ಲಿ ರಿವಿಯನ್ನಿನದ್ದೇ ಚಾರ್ಜರ್ ಇದೆ, ಲೋನ್ ಪೈನಿಂದ 60 ಮೈಲಿ ಉತ್ತರಕ್ಕೆ ಬಿಷಪ್ಪಲ್ಲೂ ಇದೆ.

ಈಗ ನಿಜವಾದ ಪ್ರಶ್ನೆ, ಲೋನ್ ಪೈನ್ ಆದ್ಮೇಲೆ ಏನು. ಅಲ್ಲಿಂದ ಡೆತ್ ವ್ಯಾಲಿಯ ಸ್ಟವ್‌ಪೈಪ್ ವೆಲ್ಸ್ 80 ಮೈಲಿ, ನಕ್ಷೆಲಿ ನೋಡಿದ್ರೆ ಆರಾಮಾಗಿ ಹೋಗ್ಬಹುದು ಅನ್ಸತ್ತೆ. ಹೋಗೋದೂ ಹೋಗ್ತೀರ, ಕೊನೇ 17 ಮೈಲಿ ಟೌನ್ ಪಾಸಿಂದ ಬರೀ ಇಳಿಜಾರು, ಗಾಡಿ ಇಳೀತಾ ಇಳೀತಾ ತಾನೇ ಚಾರ್ಜ್ ಮಾಡ್ಕೊಳ್ಳತ್ತೆ, ಮನಸ್ಸಿಗೆ ಹಿತವಾಗಿರತ್ತೆ. ವಾಪಸ್ ಬರೋದನ್ನ ಲೆಕ್ಕ ಹಾಕಿ. ಸ್ಟವ್‌ಪೈಪ್ ವೆಲ್ಸ್ ಇರೋದು ಸಮುದ್ರ ಮಟ್ಟದಲ್ಲಿ, ಟೌನ್ ಪಾಸ್ 4,956 ಅಡಿ. ಟ್ರಕ್ಕು 3,200 ಕಿಲೋ, ಟ್ರೇಲರ್ 2,270 ಕಿಲೋ, ಜನ ಸಾಮಾನು ಸೇರಿ ಒಟ್ಟು 5.8 ಟನ್. ಅಷ್ಟನ್ನ 1,500 ಮೀಟರ್ ಮೇಲಕ್ಕೆ ಎತ್ತೋಕೇ 24 ಯೂನಿಟ್ ಬೇಕು, ಮೋಟರಲ್ಲಿ ಬಿಸಿಯಾಗಿ ಸೋರೋದು ಸೇರಿಸಿದ್ರೆ 27. ಅದರ ಮೇಲೆ ಆ 17 ಮೈಲಿ ಓಡೋಕೆ ಇನ್ನೊಂದು 17. ಹದಿನೇಳೇ ಮೈಲಿಗೆ 44 ಯೂನಿಟ್, ಬ್ಯಾಟರಿಯ ಮೂರನೇ ಒಂದು ಭಾಗ! ಆಮೇಲೆ ಪ್ಯಾನಮಿಂಟ್ ಕಣಿವೆಗೆ ಇಳಿದು ಒಂದಷ್ಟು ವಾಪಸ್ ಬರತ್ತೆ, ಪೂರ್ತಿ ಬರಲ್ಲ, ಮತ್ತೆ ಫಾದರ್ ಕ್ರೌಲಿ ಅನ್ನೋ ಜಾಗದ ಕಡೆಗೆ ಇನ್ನೊಂದು ದೊಡ್ಡ ಏರು. ಪರ್ಸೆಂಟ್ ಸರ್ರನೆ ಇಳಿಯೋದನ್ನ ನೋಡ್ತಾ ಪಕ್ಕದಲ್ಲಿ ಅತ್ತೆ ಮಾವನ್ನ ಕೂರಿಸ್ಕೊಂಡು ಆ ಘಾಟಿ ಹತ್ತೋದು ಬೇಡ.

ಅದಕ್ಕೆ ನನ್ನ ಸಲಹೆ ಇಷ್ಟು: ಟ್ರೇಲರ್ ಮನೆ ಇದ್ದ ಹಾಗೆ, ಅದನ್ನ ಊರ ಹತ್ರ ನಿಲ್ಸಿ, ಕಾಡಿಗೆ ಬರೀ ಟ್ರಕ್ಕಲ್ಲಿ ಹೋಗಿ. ಲೋನ್ ಪೈನ್ ಸುತ್ತ ಎಲ್ಲಾದ್ರೂ ಟ್ರೇಲರ್ ಇಟ್ರೆ ಬೆಳಗ್ಗೆ ಎದ್ದ ತಕ್ಷಣ ಬಾಗಿಲಲ್ಲಿ ಮೌಂಟ್ ವಿಟ್ನಿ, 14,505 ಅಡಿ, ಬಿಸಿಲು ಬಿದ್ದು ಕೆಂಪಗಾಗಿರತ್ತೆ, ಮಾವನೋರಿಗೆ ಕಾಫಿ ಲೋಟ ಕೈಗೆ ಕೊಟ್ಟು ಕುರ್ಚಿ ಹಾಕ್ಕೊಡಿ ಸಾಕು. ಡೆತ್ ವ್ಯಾಲಿಯೊಳಗೇ ಇರ್ಬೇಕು ಅಂದ್ರೆ ಫರ್ನೇಸ್ ಕ್ರೀಕ್ ಕ್ಯಾಂಪ್‌ಗ್ರೌಂಡಲ್ಲಿ ನೀರು ಕರೆಂಟು ಇರೋ 18 ಜಾಗ ಇವೆ, ಚಳಿಗಾಲಕ್ಕೆ ಆರು ತಿಂಗಳು ಮುಂಚೆನೇ ಬುಕ್ ಆಗಿಬಿಡ್ತವೆ. ಅಲ್ಲಿ ಜಾಗ ಸಿಕ್ರೆ ಮಾತ್ರ ಟ್ರೇಲರ್ ಒಳಗೆ ತಗೊಂಡು ಹೋಗಿ, ಯಾಕಂದ್ರೆ ರಾತ್ರಿ ತುಂಬಿಸ್ಕೊಂಡು 100 ಪರ್ಸೆಂಟಲ್ಲಿ ವಾಪಸ್ ಹೊರಡ್ಬಹುದು. ಟ್ರಕ್ಕಿಗೂ ಚಾರ್ಜ್ ಹಾಕ್ಕೋತೀನಿ ಅಂತ ಕ್ಯಾಂಪಿನವರಿಗೆ ಮೊದಲೇ ಹೇಳಿ, ಒಪ್ಪದೇ ಇರೋ ಜಾಗಗಳೂ ಇವೆ.

ತೂಕದ ಬಗ್ಗೆ ಒಂದು ಮಾತು ಬಾಕಿ. 11,000 ನೋಡಿ ನೆಮ್ಮದಿಯಾಗಿದೀರ, ಆದ್ರೆ ಟ್ರಕ್ಕಿನ ಮೇಲೆ ಕೂರೋ ತೂಕಕ್ಕೆ ಬೇರೆ ಮಿತಿ, 1,764 ಪೌಂಡ್, ಅಂದ್ರೆ 800 ಕಿಲೋ. ಐದು ಜನ 350 ಕಿಲೋ. ಟ್ರೇಲರಿನ ಮೂತಿ ಹಿಚ್ ಮೇಲೆ, ಅಂದ್ರೆ ಟ್ರಕ್ಕಿನ ಹಿಂದಿನ ಕೊಂಡಿ ಮೇಲೆ, ಊರೋ ತೂಕ ಟ್ರೇಲರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ಇರ್ಬೇಕು, ಕಮ್ಮಿ ಆದ್ರೆ ಟ್ರೇಲರ್ ಹಾವಿನ ಥರ ಆಡತ್ತೆ, ನಿಮ್ಮದಕ್ಕೆ ಅದು 270 ಕಿಲೋ ಆಸುಪಾಸು. 620 ಆಯ್ತು. ಉಳಿದಿರೋ 180ರಲ್ಲಿ ನೀರು, ಕುರ್ಚಿ, ಸೌದೆ, ಅಕ್ಕಿ ಬೇಳೆ. ನೀರಿನ ಕ್ಯಾನ್ ಹಿಂದೆ ಪೇರಿಸೋಕೆ ಮುಂಚೆ ಕೂಡಿಸಿ ನೋಡಿ. ಟ್ರೇಲರಿಗೆ ಅದರದ್ದೇ ಬ್ರೇಕ್ ಕೆಲಸ ಮಾಡ್ತಿದೆಯಾ ಅಂತ ಖಾಲಿ ಜಾಗದಲ್ಲಿ ಒಂದ್ಸಲ ಹಿಡಿದು ನೋಡಿ, ಇಲ್ಲಿ 1,500 ಪೌಂಡ್ ಮೇಲಿನ ಟ್ರೇಲರಿಗೆ ಬ್ರೇಕ್ ಕಡ್ಡಾಯ.

ಪ್ರಶ್ನೆ: ಚಾರ್ಜರಲ್ಲಿ ಟ್ರೇಲರ್ ಬಿಚ್ಚಲೇ ಬೇಕಾ? ಹಾಗೇ ಅಡ್ಡ ನಿಲ್ಲಿಸಿ ಹಾಕ್ಕೊಂಡ್ರೆ ಆಗಲ್ವಾ? (ಸಾಕ್ರಮೆಂಟೊ)

ಉತ್ತರ: ಪೆಟ್ರೋಲ್ ಬಂಕ್ ಥರ ಈ ಕಡೆ ನುಗ್ಗಿ ಆ ಕಡೆ ಹೊರಡೋ ಹಾಗಿರೋ ಚಾರ್ಜರ್ ಅಲ್ಲೊಂದು ಇಲ್ಲೊಂದು ಇದೆ, ಮಿಕ್ಕಿದ್ದೆಲ್ಲ ಮಾಲ್ ಪಾರ್ಕಿಂಗ್ ಥರ ಮೂತಿ ತೂರಿಸಿ ನಿಲ್ಲಿಸೋವೇ. ಖಾಲಿ ಇದ್ರೆ ಜನ ಅಡ್ಡ ನಿಲ್ಲಿಸ್ತಾರೆ, ಬೇರೆಯವರು ಬಂದ ತಕ್ಷಣ ಎತ್ಬೇಕು, ಮೂರು ಜಾಗ ನುಂಗ್ಕೊಂಡು ನಿಂತು ಇನ್ನೊಬ್ಬರನ್ನ ಕಾಯಿಸೋದು ಸರಿ ಅಲ್ಲ. ಬಿಚ್ಚೋದನ್ನ ಕಲೀರಿ, ಗಂಡ ಹೆಂಡತಿ ಇಬ್ರೂ ಕಲೀರಿ.

ನನ್ನದೇ ಒಂದು ಅನುಭವ. ಮರುಭೂಮಿ ಅಂಚಿನ ಒಂದು ಚಿಕ್ಕ ಊರು, ನವೆಂಬರ್ ಸಂಜೆ, ಐದೂವರೆಗೇ ಕತ್ತಲು, 14 ಪರ್ಸೆಂಟಲ್ಲಿ ಹೋಗಿ ಸೇರಿದ್ವಿ. ನಾಲ್ಕು ಚಾರ್ಜರಲ್ಲಿ ಎರಡರ ಸ್ಕ್ರೀನ್ ಸತ್ತಿತ್ತು, ಒಂದರಲ್ಲಿ ಆಗಲೇ ಕಾರಿತ್ತು, ಉಳಿದ ಒಂದು ಗೋಡೆ ಪಕ್ಕ, ಟ್ರೇಲರ್ ಸಮೇತ ಹೋಗೋಕೆ ದಾರಿನೇ ಇಲ್ಲ. ಆಚೆ ಜಲ್ಲಿ ಹಾಕಿದ ಜಾಗದಲ್ಲಿ ಬಿಚ್ಚೋಕೆ ಶುರು ಮಾಡಿದೆ, ಜ್ಯಾಕ್ ಇಳಿಸಿದ್ರೆ ಅದರ ಕಾಲು ಜಲ್ಲಿಯೊಳಗೇ ಹೂತ್ಕೊಂಡು ಹೋಗ್ತಿದೆ, ಟ್ರೇಲರ್ ಮೇಲೇಳ್ತಾನೇ ಇಲ್ಲ. ಗಾಳಿಗೆ ಟಾರ್ಚ್ ಹಿಡಿದ ಮಗನ ಕೈ ನಡುಗ್ತಿತ್ತು. ಕೊನೆಗೆ ನನ್ನ ಹೆಂಡತಿ ಅಡಿಗೆ ಸಾಮಾನಿನ ಕ್ರೇಟಿಂದ ದಪ್ಪ ಮಣೆ ತಂದು ಜ್ಯಾಕ್ ಕೆಳಗೆ ಕೊಟ್ರು, ಚಪಾತಿ ಮಣೆ, ಅವರ ತಾಯಿ ಕೊಟ್ಟಿದ್ದು. ಎದ್ದಿತು. ಆ ಒಂದೇ ಚಾರ್ಜರ್ ಮುಂದೆ ಎರಡೂವರೆ ಗಂಟೆ ಕೂತ್ವಿ, ಡಬ್ಬಿಲಿ ತಂದಿದ್ದ ಚಿತ್ರಾನ್ನ ಗಾಡಿಲೇ ತಿಂದ್ವಿ. ಆ ಮಣೆ ಮೇಲೆ ಈಗಲೂ ಜ್ಯಾಕಿನ ದುಂಡನೆ ಗುರುತಿದೆ.

ಅವತ್ತಿಂದ ಮಾಡ್ಕೊಂಡಿರೋ ನಿಯಮ: ಒಂದು ಚಾರ್ಜರಿಗೆ ಹೋಗ್ತೀವಿ ಅಂದ್ರೆ ಅದು ಕೆಟ್ಟಿದೆ ಅಂತಲೇ ಅಂದ್ಕೊಂಡು ಅದರ ಮುಂದಿನದಕ್ಕೆ ಅಥವಾ ಹಿಂದಿನದಕ್ಕೆ ಮುಟ್ಟೋಷ್ಟು ಉಳಿಸ್ಕೊಂಡು ಹೋಗೋದು. ಜ್ಯಾಕ್ ಕೆಳಗೆ ಇಡೋಕೆ ಎರಡು ಮರದ ತುಂಡು, ಚಕ್ರಕ್ಕೆ ಕೊಡೋ ಅಡೆ ಎರಡು ಜೊತೆ, ತಲೆಗೆ ಕಟ್ಟೋ ಟಾರ್ಚು, ಇಷ್ಟು ಟ್ರಕ್ಕಲ್ಲಿರ್ಲಿ, ಟ್ರೇಲರಲ್ಲಿ ಅಲ್ಲ. 2024ರಿಂದ ಫೋರ್ಡ್, ರಿವಿಯನ್ ಗಾಡಿಗಳಿಗೂ ಟೆಸ್ಲಾ ಸೂಪರ್‌ಚಾರ್ಜರ್ ತೆರೆದಿರೋದರಿಂದ ಮೊದಲಿಗಿಂತ ಎಷ್ಟೋ ವಾಸಿ, ಆದ್ರೆ ಹಳೇ ಮಾದರಿ ಸೂಪರ್‌ಚಾರ್ಜರ್ ಟೆಸ್ಲಾ ಬಿಟ್ಟು ಬೇರೆಯವರಿಗೆ ಕೆಲಸ ಮಾಡಲ್ಲ, ಮನೆಲೇ ಆಪ್ ತೆಗೆದು ನಿಮ್ಮ ಗಾಡಿಗೆ ಆಗತ್ತಾ ಅಂತ ನೋಡಿ, ಅಡಾಪ್ಟರ್ ಮರೀಬೇಡಿ.

ಪ್ರಶ್ನೆ: ನಮ್ಮದು ಫೋರ್ಡ್ ಎಫ್-150 ಲೈಟ್ನಿಂಗ್, ದೊಡ್ಡ ಬ್ಯಾಟರಿ. ಮೂರು ರಾತ್ರಿ ಕರೆಂಟ್ ಇಲ್ಲದ ಕಡೆ ಇರ್ಬೇಕು. ಟ್ರಕ್ಕಿಂದಲೇ ಟ್ರೇಲರಿಗೆ ಕರೆಂಟ್ ಕೊಟ್ರೆ ವಾಪಸ್ ಬರೋಕೆ ಉಳಿಯತ್ತಾ? ನಮ್ಮನೇವರು ಜನರೇಟರ್ ತಗೊಳ್ಳೋಣ ಅಂತಾರೆ. (ಸಮಾಮಿಶ್, ವಾಷಿಂಗ್ಟನ್)

ಉತ್ತರ: ಜನರೇಟರ್ ಖಂಡಿತ ಬೇಡ. ನಿಮ್ಮ ಟ್ರಕ್ಕೇ ಊರಲ್ಲಿರೋ ಎಲ್ಲ ಜನರೇಟರಿಗಿಂತ ದೊಡ್ಡದು. ಟ್ರಕ್ಕಿಂದ ಹೊರಗೆ ಕರೆಂಟ್ ಕೊಡೋ ವ್ಯವಸ್ಥೆಗೆ ಫೋರ್ಡಿನವರು ಪ್ರೋ ಪವರ್ ಅಂತಾರೆ, ಅದು 9.6 ಕಿಲೋವ್ಯಾಟ್ ಇರೋ ಮಾಡೆಲ್ ಆದ್ರೆ ಒಂದು ಮನೆ ನಡೆಸ್ಬಹುದು, 2.4 ಇರೋದಾದ್ರೂ ಕ್ಯಾಂಪಿಗೆ ಧಾರಾಳ.

ಬ್ಯಾಟರಿ 131 ಯೂನಿಟ್. ಖರ್ಚು ನೋಡಿ. ಟ್ರೇಲರಿನ 12 ವೋಲ್ಟ್ ಫ್ರಿಜ್ ದಿನಕ್ಕೆ ಒಂದು ಯೂನಿಟ್, ಸ್ವಲ್ಪ ಮೇಲೆ ಕೆಳಗೆ. ಇಂಡಕ್ಷನ್ ಒಲೆ ಮೂರು ಹೊತ್ತು ಸೇರಿ ಎರಡು. ಅನ್ನದ ಕುಕ್ಕರು, ಮಿಕ್ಸಿ, ಫೋನು, ದೀಪ ಎಲ್ಲ ಸೇರಿ ಇನ್ನೊಂದು. ಎಲೆಕ್ಟ್ರಿಕ್ ಕಂಬಳಿ ರಾತ್ರಿ ಪೂರ್ತಿ ಹಾಕಿದ್ರೂ ಮುಕ್ಕಾಲು ಯೂನಿಟ್ ದಾಟಲ್ಲ. ಅಂದ್ರೆ ದಿನಕ್ಕೆ ಐದು, ಮೂರು ದಿನಕ್ಕೆ 15. ಟ್ರೇಲರ್ ಕಟ್ಕೊಂಡು ಓಡೋ ಲೆಕ್ಕದಲ್ಲಿ 15 ಮೈಲಿ, ಅಷ್ಟೇ. ಖರ್ಚು ಇರೋದು ಬಿಸಿಲಿಗೆ ಎಸಿ, ಚಳಿಗೆ ಹೀಟರ್ ಹಾಕಿದಾಗ. 1,500 ವ್ಯಾಟಿನ ಚಿಕ್ಕ ಹೀಟರ್ ರಾತ್ರಿ ಎಂಟು ಗಂಟೆ ಉರಿದ್ರೆ 12 ಯೂನಿಟ್, ಮೂರು ರಾತ್ರಿಗೆ 36, ಅದು ಬೇಡ. ಟ್ರೇಲರಿನ ಗ್ಯಾಸ್ ಹೀಟರ್ ಇದ್ದೇ ಇದೆ ಅದನ್ನ ಬಳಸಿ, ಮೈಗೆ ಕಂಬಳಿ. ಕೋಣೆ ಬಿಸಿ ಮಾಡೋದಕ್ಕಿಂತ ಹಾಸಿಗೆ ಬಿಸಿ ಮಾಡೋದು ಹತ್ತರಲ್ಲೊಂದು ಪಾಲು ಖರ್ಚು. ಇನ್ನು ಟ್ರಕ್ಕಲ್ಲೇ ಇಷ್ಟು ಮೈಲಿ ಉಳಿದಾಗ ಔಟ್‌ಲೆಟ್ ತಾನಾಗೇ ನಿಲ್ಲೋ ಹಾಗೆ ಮಿತಿ ಇಡ್ಬಹುದು, ಮೊದಲ ದಿನವೇ ಅದನ್ನ ಇಟ್ಟುಬಿಡಿ. 120 ವೋಲ್ಟ್ 20 ಆಂಪ್ ಔಟ್‌ಲೆಟ್ಟಿಂದ ಟ್ರೇಲರಿಗೆ ಕೊಟ್ಟಿದ್ರೆ ಮೈಕ್ರೋವೇವ್, ಎಸಿ ಎರಡನ್ನೂ ಒಟ್ಟಿಗೆ ಹಾಕ್ಬೇಡಿ.

ನಮ್ಮನೇಲಿ ಮಾಡಿದ್ದು ಹೇಳ್ತೀನಿ. ಚಳಿಗೆ ದೋಸೆ ಹಿಟ್ಟು ಹುಳಿ ಬರಲ್ಲ ಅಂತ ಎಲ್ಲರೂ ಬ್ರೆಡ್ಡು ತಗೊಂಡು ಹೋಗ್ತಾರೆ. ನಾವು ಹಿಟ್ಟಿನ ಡಬ್ಬಿನ ಟವೆಲ್ ಸುತ್ತಿ ಟ್ರಕ್ಕಿನ ಮುಂದಿನ ಸೀಟಿನ ಕಾಲ ಹತ್ರ ಇಟ್ಟು ಕ್ಯಾಬಿನ್ ಹೀಟ್ ಸ್ವಲ್ಪ ಹೊತ್ತು ಬಿಟ್ವಿ, ಬೆಳಗ್ಗೆ ಹಿಟ್ಟು ಉಬ್ಬಿ ಮುಚ್ಚಳ ಎತ್ತಿ ಒಂದು ಕಡೆ ಇಳಿದಿತ್ತು. ಹೊರಗೆ ಹಿಮದ ಪುಡಿ, ಇಂಡಕ್ಷನ್ ಮೇಲೆ ದೋಸೆ, ಎಲ್ಲೂ ಜನರೇಟರ್ ಸದ್ದಿಲ್ಲ, ಪಕ್ಕದ ಕ್ಯಾಂಪಿನ ಅಜ್ಜಿ ಒಬ್ರು ವಾಸನೆ ಹಿಡ್ಕೊಂಡು ಬಂದು ಎರಡು ತಿಂದು ಹೋದ್ರು. ಆದ್ರೆ ಕರಡಿ ಇರೋ ಕಡೆ ಈ ಕೆಲಸ ಮಾಡ್ಬೇಡಿ. ಯೊಸೆಮಿಟಿಲಿ ರಾತ್ರಿ ಗಾಡಿಯೊಳಗೆ ತಿನ್ನೋ ಪದಾರ್ಥ ಇಡೋ ಹಾಗೇ ಇಲ್ಲ, ಕಬ್ಬಿಣದ ಪೆಟ್ಟಿಗೆ ಇರತ್ತೆ ಅದರಲ್ಲೇ ಇಡ್ಬೇಕು.

ಪ್ರಶ್ನೆ: ಕ್ಯಾಂಪ್‌ಗ್ರೌಂಡಲ್ಲಿ 30 ಆಂಪ್ ಪ್ಲಗ್ ಇತ್ತು, ಅಂಗಡಿಲಿ ಸಿಗೋ ಆರ್‌ವಿ ಅಡಾಪ್ಟರ್ ಹಾಕಿದ್ರೆ ಟ್ರಕ್ ಚಾರ್ಜೇ ಆಗ್ಲಿಲ್ಲ. ಗಾಡಿಲಿ ದೋಷ ಇದೆಯಾ? (ಸ್ಯಾನ್ ಡಿಯಾಗೊ)

ಉತ್ತರ: ಗಾಡಿಲಿ ದೋಷ ಇಲ್ಲ. ಆ 30 ಆಂಪ್ ಪ್ಲಗ್, ಟಿಟಿ-30 ಅಂತಾರೆ, 120 ವೋಲ್ಟಿಂದು. 50 ಆಂಪಿನದ್ದು, 14-50, ಅದು 240 ವೋಲ್ಟ್. ಆರ್‌ವಿ ಅಡಾಪ್ಟರಲ್ಲಿ ಕರೆಂಟ್ ಬರೋ ಒಂದೇ ತಂತಿನ ಪ್ಲಗ್ಗಿನ ಎರಡೂ ಕಾಲಿಗೆ ಜೋಡಿಸಿರ್ತಾರೆ, ಟ್ರೇಲರಿಗೆ ಅದು ನಡೆಯತ್ತೆ, ಕಾರ್ ಚಾರ್ಜರ್ ಎರಡು ಕಾಲಿನ ನಡುವೆ ವೋಲ್ಟೇಜ್ ಹುಡುಕತ್ತೆ, ಅಲ್ಲಿ ಸೊನ್ನೆ. ಎಲೆಕ್ಟ್ರಿಕ್ ಕಾರಿಗೆ ಅಂತಲೇ ಮಾಡಿದ ಟಿಟಿ-30 ಅಡಾಪ್ಟರ್ ಬೇಕು, ಅದನ್ನ ಯಾವತ್ತೂ ಟ್ರೇಲರಿಗೆ ಹಾಕ್ಬಾರ್ದು. ಹಾಕ್ಕೊಂಡ್ರೂ 24 ಆಂಪ್ ಮಿತಿಲಿ ಗಂಟೆಗೆ ಮೂರು ಯೂನಿಟ್ ಒಳಗೇ. 50 ಆಂಪಿನದ್ರಲ್ಲಿ 32 ಆಂಪ್ ಎಳ್ಕೊಂಡ್ರೂ ಗಂಟೆಗೆ ಏಳೂವರೆ ಯೂನಿಟ್, ಹತ್ತು ಗಂಟೆ ಮಲಗಿದ್ರೆ 75. ಬುಕ್ ಮಾಡುವಾಗ 50 ಆಂಪ್ ಇರೋ ಜಾಗ ಕೇಳಿ. ಪ್ಲಗ್ ಒಂದು ಗಂಟೆ ಆದ್ಮೇಲೆ ಮುಟ್ಟಿ ನೋಡಿ, ಕೈ ಸುಡೋ ಹಾಗಿದ್ರೆ ಆಂಪ್ ಇಳಿಸಿ, ಹಳೇ ಕಂಬಗಳ ಪ್ಲಗ್ ಸಡಿಲ ಆಗಿರ್ತವೆ.

ಪ್ರಶ್ನೆ: ನನ್ನ ಮಗ ಡೆನ್ವರಲ್ಲಿದಾನೆ. ಕರೆಂಟ್ ಟ್ರಕ್ ತಗೊಂಡಿದಾನಂತೆ, ವಾರ ವಾರ ಬೆಟ್ಟಕ್ಕೆ ಹೋಗ್ತಾನೆ, ಫೋನ್ ಸಿಗಲ್ಲ. ನಡುದಾರಿಲಿ ಬ್ಯಾಟರಿ ಖಾಲಿ ಆದ್ರೆ ಆ ಹಿಮದಲ್ಲಿ ಏನು ಗತಿ? ಅವನನ್ನ ಕೇಳಿದ್ರೆ ನಗ್ತಾನೆ. (ಶಿವಮೊಗ್ಗ)

ಉತ್ತರ: ಅಮ್ಮ, ನಿಮ್ಮ ಪತ್ರ ಎರಡು ಸಲ ಓದಿದೆ. ನಗೋ ವಿಷಯ ಅಲ್ಲ ಇದು, ನೀವು ಕೇಳಿದ್ದು ಸರಿಯಾಗೇ ಇದೆ.

ಮೊದಲು ಸಮಾಧಾನದ ಮಾತು. ಈ ಗಾಡಿ ನಿಂತಲ್ಲೇ ನಿಂತು ಒಳಗೆ ಬೆಚ್ಚಗಿಡೋಕೆ ತುಂಬಾ ಕಮ್ಮಿ ಕರೆಂಟ್ ಸಾಕು, ಗಂಟೆಗೆ ಒಂದೆರಡು ಯೂನಿಟ್ ಅಂದ್ಕೊಳ್ಳಿ. ಅರ್ಧ ಬ್ಯಾಟರಿ ಇದ್ರೂ ಒಂದು ದಿನ ಪೂರ್ತಿ ಒಳಗೆ ಬೆಚ್ಚಗೆ ಕೂರ್ಬಹುದು, ಹೊಗೆ ಬರಲ್ಲ, ಪೆಟ್ರೋಲ್ ಗಾಡಿಲಿ ಹಿಮಕ್ಕೆ ಹೊಗೆ ಕೊಳವೆ ಮುಚ್ಕೊಂಡು ಒಳಗೆ ವಿಷಗಾಳಿ ತುಂಬೋ ಭಯ ಇರತ್ತಲ್ಲ, ಅದು ಇದರಲ್ಲಿಲ್ಲ. ಎತ್ತರದಲ್ಲಿ ಗಾಳಿ ತೆಳು ಆದ್ರೂ ಮೋಟರಿನ ಶಕ್ತಿ ಕುಗ್ಗಲ್ಲ, ಅಲ್ಲಿ ಮೊನಾರ್ಕ್ ಪಾಸ್ ಅಂತ 11,312 ಅಡಿ ಘಾಟಿ ಇದೆ, ಪೆಟ್ರೋಲ್ ಗಾಡಿಗಳು ಏದುಸಿರು ಬಿಟ್ಕೊಂಡು ಹತ್ತೋ ಕಡೆ ಇದು ಆರಾಮಾಗಿ ಹತ್ತತ್ತೆ. ಅದರ ಬುಡದಲ್ಲಿರೋ ಸಲೈಡ ಅನ್ನೋ ಊರಲ್ಲೇ ಚಾರ್ಜರ್ ಇದೆ.

ತೊಂದ್ರೆ ಎಲ್ಲಿ ಅಂದ್ರೆ ಚಳಿಗೆ ಬ್ಯಾಟರಿ ಮರಗಟ್ಟತ್ತೆ, ಓಡೋ ದೂರ ಕಮ್ಮಿ ಆಗತ್ತೆ, ತಣ್ಣಗಿದ್ದಾಗ ಚಾರ್ಜೂ ನಿಧಾನ. ಚಾರ್ಜರಿಗೆ ಹೋಗೋ ಮುಂಚೆ ಗಾಡಿಯ ನಕ್ಷೆಲೇ ಚಾರ್ಜರ್ ಒತ್ತಿ ಹೊರಟ್ರೆ ಅದು ದಾರಿಲೇ ಬ್ಯಾಟರಿ ಬಿಸಿ ಮಾಡ್ಕೊಂಡು ಹೋಗತ್ತೆ. ಇನ್ನೊಂದು, ಬೆಟ್ಟದ ಮೇಲಿನ ಮನೆಲಿ 100 ಪರ್ಸೆಂಟ್ ತುಂಬಿಸಿ ತಕ್ಷಣ ಇಳಿಜಾರಿಗೆ ಹೊರಟ್ರೆ, ತುಂಬಿದ ಕೊಡಕ್ಕೆ ಮತ್ತೆ ನೀರು ಹಿಡಿಸಲ್ವಲ್ಲ ಹಾಗೆ, ಮೋಟರ್ ಗಾಡಿನ ತಡೆಯೋದು ಕಮ್ಮಿ ಆಗತ್ತೆ, ಎಲ್ಲ ಭಾರ ಬ್ರೇಕಿನ ಮೇಲೆ ಬೀಳತ್ತೆ. ಟ್ರೇಲರ್ ಬೇರೆ ಇದ್ರೆ ಇನ್ನೂ ಹುಷಾರು. ಬೆಟ್ಟದ ಮೇಲಿಂದ ಹೊರಡೋವಾಗ 85ಕ್ಕೆ ನಿಲ್ಸು ಅಂತ ಹೇಳಿ.

ಮಗನಿಗೆ ಫೋನಲ್ಲಿ ಮೂರು ಮಾತು ಕೇಳಿ. ಎಲ್ಲಿಗೆ ಹೋಗ್ತೀಯ, ಯಾವಾಗ ವಾಪಸ್ ಅಂತ ಅಲ್ಲಿರೋ ಒಬ್ಬ ಸ್ನೇಹಿತನಿಗೆ ಬರೆದು ಕೊಟ್ಟಿದೀಯಾ? ಉಪಗ್ರಹದ ಮೂಲಕ ಸಂದೇಶ ಕಳಿಸೋ ಸಾಧನ ಇದೆಯಾ? ಐಫೋನ್ 14 ಅಥವಾ ಆಮೇಲಿಂದಾದ್ರೆ ಸಿಗ್ನಲ್ ಇಲ್ಲದ ಕಡೆಯಿಂದಲೂ ತುರ್ತು ಸಂದೇಶ ಕಳಿಸ್ಬಹುದು, ಗಾರ್ಮಿನ್ ಇನ್‌ರೀಚ್ ಅಂತ ಕೈಯಲ್ಲಿ ಹಿಡಿಯೋ ಯಂತ್ರವೂ ಬರತ್ತೆ, ಅದರಲ್ಲಿ ನಿಮಗೇ ದಿನಾ ಸಂಜೆ ಕ್ಷೇಮ ಅಂತ ಒಂದು ಸಾಲು ಕಳಿಸೋ ಹಾಗೆ ಮಾಡ್ಬಹುದು, ಅದನ್ನ ಕೇಳಿ ಮಾಡಿಸ್ಕೊಳ್ಳಿ. ಮೂರನೇದು, ಕಂಬಳಿ, ನೀರು, ಎರಡು ದಿನದ ಊಟ ಗಾಡಿಲೇ ಇದೆಯಾ? ಅಕಸ್ಮಾತ್ ಟ್ರೇಲರ್ ಎಳೆಯುವಾಗ ಬ್ಯಾಟರಿ ಸಾಲಲ್ಲ ಅನ್ಸಿದ್ರೆ ಟ್ರೇಲರನ್ನ ಭದ್ರವಾದ ಕಡೆ ಬಿಚ್ಚಿಟ್ಟು ಬರೀ ಟ್ರಕ್ಕಲ್ಲಿ ಹೋಗು ಅನ್ನಿ, ಉಳಿದ ಕರೆಂಟಲ್ಲಿ ಎರಡರಷ್ಟು ದೂರ ಹೋಗತ್ತೆ. ಪೂರ್ತಿ ಖಾಲಿ ಆಗಿ ನಿಂತ್ರೆ ಹಗ್ಗ ಕಟ್ಟಿ ಎಳೆಸೋ ಹಾಗಿಲ್ಲ, ನಾಲ್ಕೂ ಚಕ್ರ ಮೇಲಿಟ್ಟು ಒಯ್ಯೋ ಲಾರಿನೇ ಬರ್ಬೇಕು. ಯಾವುದಾದ್ರೂ ಮನೆ, ಅಂಗಡಿ ಸಿಕ್ರೆ ಮಾಮೂಲಿ ಪ್ಲಗ್ಗಲ್ಲೂ ಚಾರ್ಜ್ ಆಗತ್ತೆ, ಹನ್ನೆರಡು ಗಂಟೆಗೆ 16 ಯೂನಿಟ್, 30 ಮೈಲಿ ದಾಟ್ಬಹುದು.

ಪ್ರಶ್ನೆ: ಡೆತ್ ವ್ಯಾಲಿಯ ರೇಸ್‌ಟ್ರ್ಯಾಕ್, ಕಲ್ಲುಗಳು ತಾವೇ ಜರುಗೋ ಜಾಗ, ಅಲ್ಲಿಗೆ ಎಲೆಕ್ಟ್ರಿಕ್ ಟ್ರಕ್ಕಲ್ಲಿ ಹೋಗ್ಬಹುದಾ? (ಅರ್ವೈನ್)

ಉತ್ತರ: ಬ್ಯಾಟರಿ ಸಮಸ್ಯೆ ಅಲ್ಲ, ಟೈರ್ ಸಮಸ್ಯೆ. ಫರ್ನೇಸ್ ಕ್ರೀಕಿಂದ ಉಬಿಹೀಬಿ ಕ್ರೇಟರ್ ತನಕ ಟಾರು, ಅಲ್ಲಿಂದ 27 ಮೈಲಿ ತಗಡಿನ ಹಾಳೆ ಥರ ಏಳೂ ಬೀಳೂ ಇರೋ ಚೂಪು ಕಲ್ಲಿನ ರಸ್ತೆ. ಹೋಗಿ ಬರೋದು 165 ಮೈಲಿ ಆಸುಪಾಸು, ಬೆಳಗ್ಗೆ ತುಂಬಿಸ್ಕೊಂಡು ಹೊರಟ್ರೆ ಟ್ರೇಲರ್ ಇಲ್ಲದ ಟ್ರಕ್ಕಿಗೆ ಸಾಕು, ನಿಧಾನ ಹೋಗೋದರಿಂದ ಖರ್ಚೂ ಕಮ್ಮಿ. ಆದ್ರೆ ಮೂರು ಟನ್ನಿನ ಗಾಡಿ, ಆ ಕಲ್ಲು, ಪಂಚರ್ ಆಗೋದು ಅಲ್ಲಿ ಮಾಮೂಲು. ಪೂರ್ತಿ ಸೈಜಿನ ಸ್ಟೆಪ್ನಿ ಇಲ್ದೆ ಹೋಗ್ಬೇಡಿ, ಟೈರ್ ಗಾಳಿ ಸ್ವಲ್ಪ ಇಳಿಸಿ ಹೋಗಿ, ವಾಪಸ್ ಟಾರಿಗೆ ಬಂದ್ಮೇಲೆ ತುಂಬ್ಕೊಳ್ಳಿ. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಚಳಿಗಾಲದಲ್ಲೂ. ಆ ಒಣಗಿದ ಕೆರೆ ಅಂಗಳದ ಮೇಲೆ ಗಾಡಿ ಇಳಿಸೋದು ನಿಷೇಧ, ಒದ್ದೆ ಇದ್ದಾಗ ಕಾಲಿಡೋದೂ ಬೇಡ, ಒಂದು ಹೆಜ್ಜೆ ಗುರುತು ವರ್ಷಗಟ್ಲೆ ಉಳಿಯತ್ತೆ. 2023ರ ಆಗಸ್ಟಲ್ಲಿ ಹಿಲರಿ ಚಂಡಮಾರುತದ ಮಳೆಗೆ ಇಡೀ ಪಾರ್ಕನ್ನೇ ಎರಡು ತಿಂಗಳು ಮುಚ್ಚಿದ್ರು, ಹಾಗಾಗಿ ಹೊರಡೋ ಮುಂಚೆ ಪಾರ್ಕಿನವರು ಹಾಕೋ ರಸ್ತೆ ಸ್ಥಿತಿ ನೋಡಿ.

ಪ್ರಶ್ನೆ: ಇಲ್ಲಿ ನಮ್ಮ ಎಲೆಕ್ಟ್ರಿಕ್ ಎಸ್‌ಯುವಿಗೆ ಚಿಕ್ಕ ಟ್ರೇಲರ್ ಕಟ್ಕೊಂಡು ಕಾಡಿನ ಕಡೆ ಹೋಗ್ಬಹುದಾ? (ಬೆಂಗಳೂರು)

ಉತ್ತರ: ಗಾಡಿ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಕಿಲೋ ಎಳೀಬಹುದು ಅಂತ ಬರೆದಿದ್ರೆ ಅಷ್ಟು, ಬರೆದಿಲ್ಲ ಅಂದ್ರೆ ಬೇಡ, ಗ್ಯಾರೇಜಲ್ಲಿ ಹಿಚ್ ಬೆಸುಗೆ ಹಾಕಿಸ್ಕೊಂಡು ಹೋಗೋದಂತೂ ಬೇಡವೇ ಬೇಡ. ಟ್ರೇಲರ್ ಇಲ್ದೇನೂ ಖುಷಿಯಾಗಿರ್ಬಹುದು. 2023ರ ನೆಕ್ಸಾನ್ ಇವಿಯಂಥ ಕೆಲವು ಗಾಡಿಗಳಲ್ಲಿ ಗಾಡಿಯಿಂದಲೇ ಕರೆಂಟ್ ತೆಗೆಯೋ ಸೌಲಭ್ಯ ಇಲ್ಲೂ ಬಂದಿದೆ, ಗೊತ್ತಿರೋರ ಕಾಫಿ ತೋಟ, ಹೋಂಸ್ಟೇ ಅಂಗಳದಲ್ಲಿ ಟೆಂಟ್ ಹಾಕಿ ಒಲೆ ಹಚ್ಚಿ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ದೆ ತಂಗೋ ಹಾಗಿಲ್ಲ, ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರತ್ತೆ, ಚಾರ್ಜ್ ಮಾಡ್ತಾ ಕೂತು ತಡ ಮಾಡ್ಕೋಬೇಡಿ.

ಪ್ರಶ್ನೆ: ನನಗೆ 11 ವರ್ಷ. ನಾವು ಬಿಗ್ ಬೆಂಡ್ ಪಾರ್ಕಿಗೆ ನಕ್ಷತ್ರ ನೋಡೋಕೆ ಹೋಗ್ತೀವಿ. ಅಪ್ಪನ ರಿವಿಯನ್ ಬಾಗಿಲು ತೆಗೆದ್ರೆ ಎಲ್ಲ ಲೈಟೂ ಹತ್ಕೊಳತ್ತೆ, ಏನೂ ಕಾಣಲ್ಲ. ಏನ್ ಮಾಡ್ಬೇಕು? (ಆಸ್ಟಿನ್)

ಉತ್ತರ: ಪುಟ್ಟಿ, ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ನಿಂದು. ಅಪ್ಪನಿಗೆ ಹೇಳು, ಸ್ಕ್ರೀನಲ್ಲಿ ಕ್ಯಾಂಪ್ ಮೋಡ್ ಒಳಗೆ ಕರ್ಟಸಿ ಅಂತ ಒಂದು ಇದೆ, ಅದನ್ನ ಒತ್ತಿದ್ರೆ ದೀಪ, ಬೀಪ್ ಸದ್ದು ಸುಮ್ಮನಿರತ್ತೆ. ಊಟ, ಹೊದಿಕೆ, ಬೈನಾಕ್ಯುಲರ್ ಎಲ್ಲ ಕತ್ತಲಾಗೋ ಮುಂಚೆನೇ ಹೊರಗೆ ತೆಗೆದಿಡಿ, ಮತ್ತೆ ಮತ್ತೆ ಬಾಗಿಲು ತೆಗೀಬೇಡಿ. ಟಾರ್ಚಿಗೆ ಕೆಂಪು ಬಣ್ಣದ ತೆಳು ಕಾಗದ ಕಟ್ಕೋ. ಕಣ್ಣು ಕತ್ತಲಿಗೆ ಒಗ್ಗೋಕೆ ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಯಾರ ಫೋನೂ ನೋಡ್ಬೇಡ. ಟ್ರಕ್ಕಿನ ಹಿಂದೆ ಹಾಸಿಗೆ ಹಾಸಿ ಮಲಗ್ಕೊಂಡು ನೋಡು. ಡಿಸೆಂಬರ್ ಆದ್ರೆ ರಾತ್ರಿ ಒಂಬತ್ತರ ಹೊತ್ತಿಗೆ ತಲೆ ಮೇಲೆ ಪುಟ್ಟ ಗೊಂಚಲು ಕಾಣತ್ತೆ, ಅದು ಕೃತ್ತಿಕೆ, ಅದರ ಪಕ್ಕ ಕೆಂಪಗೆ ಹೊಳೆಯೋದು ರೋಹಿಣಿ, ಇನ್ನೂ ಕೆಳಗೆ ಮೂರು ನಕ್ಷತ್ರ ಸಾಲಾಗಿ ಸೊಂಟದ ಪಟ್ಟಿ ಥರ ಇದ್ರೆ ಅದು ಮಹಾವ್ಯಾಧ. ಕೃತ್ತಿಕೆಲಿ ಎಷ್ಟು ಎಣಿಸಿದೆ ಅಂತ ನನಗೆ ಬರೆದು ಕಳಿಸು, ನಾನು ಆರು ಎಣಿಸಿದೀನಿ, ನನ್ನ ಮಗ ಒಂಬತ್ತು ಅಂತಾನೆ.